ಜೇಬಿಲ್ಲದ ಲುಂಗಿ

ದೆವ್ವಗಿವ್ವ ಎಂದರೆ ನಗುತ್ತಿದ್ದವನು ನಾನು. ಪೀಣ್ಯದ ಲೇತ್ ಶಾಪಿನಲ್ಲಿ ಕೆಲಸ. ಕೈ ಬಿಡುವಾದರೆ ಸಾಕು, ಫೋನ್ ಒತ್ತುತ್ತಾ ಕೂರುತ್ತಿದ್ದೆ.

ಆ ವರ್ಷ ಆಯುಧಪೂಜೆಯ ಬೆಳಿಗ್ಗೆ ಓನರ್ ಲಕ್ಷ್ಮಣಪ್ಪ, "ನಿನ್ ಆಯುಧ ಲೇತ್ ಅಲ್ಲ ಕಣೋ, ಫೋನು. ಅದನ್ನೂ ಪೂಜೆಗಿಡು" ಎಂದರು. ಎಲ್ಲರೂ ನಕ್ಕರು. ಛಲಕ್ಕೆ ಬಿದ್ದು ಸ್ವಿಚ್ ಆಫ್ ಮಾಡಿ, ಸ್ಪ್ಯಾನರುಗಳ ಪಕ್ಕ ಇಟ್ಟು ಕುಂಕುಮ ಹಚ್ಚಿದೆ. ಪೂಜೆಗಿಟ್ಟಿದ್ದನ್ನು ಮರುದಿನದವರೆಗೆ ಮುಟ್ಟುವಂತಿಲ್ಲ. ಶಾಪಿಗೆ ಬೀಗ ಬಿತ್ತು.

ಮಧ್ಯಾಹ್ನ ಬಾಗಲಗುಂಟೆಯ ಮನೆಯಲ್ಲಿ ಲುಂಗಿ ಉಟ್ಟು ಗೋಡೆಗೆ ಒರಗಿ ಕೂತಿದ್ದೆ. ಬಲತೊಡೆಯ ಹತ್ತಿರ ಫೋನ್ ಅದುರಿತು. ಕೈ ತಾನಾಗಿಯೇ ಹೋಯಿತು. ಲುಂಗಿಗೆ ಜೇಬೆಲ್ಲಿ? ಅಭ್ಯಾಸಬಲ ಎಂದುಕೊಂಡೆ. ಮತ್ತೆ ಅದುರಿತು, ನಿಂತಿತು, ಮತ್ತೆ ಅದುರಿತು. ಚಾರ್ಜಿಗೆ ಹಾಕಿದ ಫೋನಿನಂತೆ ಅಲ್ಲಿ ಚರ್ಮ ಬೆಚ್ಚಗಿತ್ತು.

ಅದೇ ತೊಡೆಯ ಮೇಲೆ ಮಲಗಿದ್ದ ಮಗಳು ವೇಣಿ ಕಣ್ಣು ಬಿಡದೆ ಗೊಣಗಿದಳು: "ಎತ್ತಪ್ಪಾ, ಆಗ್ಲಿಂದ ಫೋನ್ ಬರ್ತಾನೇ ಇದೆ."

ಮರುದಿನ ಬೀಗ ತೆಗೆದಾಗ ಫೋನ್ ಇಟ್ಟಲ್ಲೇ ಇತ್ತು, ಆಫ್ ಆಗಿಯೇ, ತಣ್ಣಗೆ. ಅದನ್ನು ಮಾರಿ ವರ್ಷವಾಯಿತು. ವೇಣಿ ಈಗಲೂ ಮಲಗುವ ಮುಂಚೆ ನನ್ನ ಬಲತೊಡೆಯ ಮೇಲೆ ಅಂಗೈಯಿಟ್ಟು ನೋಡುತ್ತಾಳೆ. ಆಮೇಲೆ ಎಡತೊಡೆಯ ಮೇಲೆ ತಲೆ ಇಡುತ್ತಾಳೆ.