ಹತ್ತರೊಳಗೆ ತಂತಿ ದಾಟಬೇಕಾದ ಮನೆ

ಮಂಗಳವಾರ ಬೆಳಿಗ್ಗೆ 8.10ಕ್ಕೆ ವಿದ್ಯುತ್ ಕಚೇರಿಯ ಎಂಜಿನಿಯರ್ ಠಾಣೆಗೆ ಬಂದು ದೂರು ಬರೆದುಕೊಟ್ಟರು. ಮುಖ್ಯರಸ್ತೆಯಲ್ಲಿ ಮನೆಯೊಂದು ಬರುತ್ತಿದೆ. ಅದಕ್ಕೆ ತಾವು ಅನುಮತಿ ಕೊಟ್ಟಿಲ್ಲ. ಆದರೂ ಅನುಮತಿ ಪತ್ರದಲ್ಲಿ ತಮ್ಮ ಸಹಿ ಇದೆ.

"ಮನೆ ಬರ್ತಿದೆ ಅಂದ್ರೆ?" ಇನ್‌ಸ್ಪೆಕ್ಟರ್ ಕೇಳಿದರು.

"ಬರ್ತಿದೆ ಅಂದ್ರೆ ಬರ್ತಿದೆ ಸಾರ್. ಚಕ್ರದ ಮೇಲೆ."

8.25ಕ್ಕೆ ಎಫ್‌ಐಆರ್ ದಾಖಲಾಯಿತು. ಎಲ್ಲಕ್ಕೂ ಸಮಯ ಬರೆದಿಡುವ ಚಟದಿಂದ ಠಾಣೆಯಲ್ಲಿ 'ಗಡಿಯಾರ' ಎಂದೇ ಹೆಸರಾಗಿದ್ದ ಹೆಡ್ ಕಾನ್ಸ್‌ಟೇಬಲ್ ಮೊದಲು ಜೀಪು ಹತ್ತಿದ; ಹಿಂದೆಯೇ ಇನ್‌ಸ್ಪೆಕ್ಟರ್, ಎಂಜಿನಿಯರ್.

ಎರಡು ಕೋಣೆಯ ಇಟ್ಟಿಗೆ ಮನೆ, ಕಿಟಕಿಯ ಪರದೆ ಸಮೇತ, ಕಬ್ಬಿಣದ ತೊಲೆಗಳ ಮೇಲೆ ಆಮೆಯ ನಡಿಗೆಯಲ್ಲಿ ಬರುತ್ತಿತ್ತು. ಗೋಡೆಯಲ್ಲಿ ಕೂದಲೆಳೆಯಷ್ಟೂ ಬಿರುಕಿರಲಿಲ್ಲ. ಅಪರಾಧ ಹಿಡಿಯಲು ಬಂದವರು ಬಾಯಿ ಬಿಟ್ಟುಕೊಂಡು ನಿಲ್ಲಬಾರದು, ನಿಜ. ಇನ್‌ಸ್ಪೆಕ್ಟರ್ ನಿಂತರು.

"ವಾಪಸ್ ತಗೊಂಡು ಹೋಗಿ," ಎಂದರು ಕೊನೆಗೆ.

"ಎಲ್ಲಿಗೆ ಸಾರ್?" ಮನೆ ಸಾಗಿಸುವ ಮೇಸ್ತ್ರಿ ಕೇಳಿದ. "ಹಳೆ ಜಾಗ ನಾಳೆಯಿಂದ ರಸ್ತೆ. ಅಲ್ಲಿಟ್ರೆ ಕೆಡವ್ತಾರೆ. ಇಲ್ಲೇ ನಿಲ್ಸೋಕೂ ಆಗಲ್ಲ, ಹತ್ತರೊಳಗೆ ಸೇತುವೆ ತಂತಿ ದಾಟ್ಬೇಕು. ಅನುಮತೀಲೇ ಬರ್ದಿದೆ."

ಇಬ್ಬರು ಪಂಚರನ್ನು ಕರೆದು ಪಂಚನಾಮೆ ಶುರು ಮಾಡಿದರು. ಪತ್ರಗಳು ಮೂರಿದ್ದವು. ಪುರಸಭೆಯದೂ ಸಂಚಾರ ಪೊಲೀಸರದೂ ತಲಾ ನಾಲ್ಕು ಸಾಲು, 'ನಿಯಮಾನುಸಾರ ಸಾಗಿಸಬಹುದು' ಎಂದು ಕೈತೊಳೆದುಕೊಂಡಿದ್ದವು. ಖೋಟಾ ಪತ್ರ ಮಾತ್ರ ಎರಡು ಪುಟವಿತ್ತು. ದಾರಿಯ ನಲವತ್ತೊಂದು ತಂತಿಗಳ ಎತ್ತರ ಅಡಿ, ಅಂಗುಲಗಳಲ್ಲಿತ್ತು. ಎಂಜಿನಿಯರರ ಅಳತೆಗೋಲು ಹಿಡಿದು ಗಡಿಯಾರ ಮೂರು ಕಡೆ ಪರೀಕ್ಷಿಸಿದ.

"ಒಂದಂಗುಲಾನೂ ತಪ್ಪಿಲ್ಲ ಸಾರ್."

ಕೊನೆಯ ಸಾಲು ಹೀಗಿತ್ತು: 'ಬಿಸಿಲೇರಿದಂತೆ ಸೇತುವೆಯ ಬಳಿ ತಂತಿ ಜೋಲುತ್ತದೆ. ಹತ್ತರೊಳಗೆ ದಾಟಿ.'

"ಇದು ನಿಮಗೆ ಗೊತ್ತಿತ್ತಾ?" ಇನ್‌ಸ್ಪೆಕ್ಟರ್ ಎಂಜಿನಿಯರರನ್ನು ಕೇಳಿದರು.

"ಇಲ್ಲ. ಕಂಬ ಹತ್ತಿದೋರಿಗೇ ಗೊತ್ತಾಗೋದು."

"ಆ ಕಂಬ ಯಾರು ಹತ್ತುತ್ತಿದ್ರು?"

"ಒಬ್ಬ ಲೈನ್‌ಮನ್. ಮೂವತ್ತು ವರ್ಷ. ಹೋದ ವರ್ಷ ನಿವೃತ್ತಿ ಆದ್ರು."

ಹುಡುಕುವ ಕಷ್ಟವಿರಲಿಲ್ಲ. ಮನೆಯ ಮುಂದೆ ಇಪ್ಪತ್ತು ಹೆಜ್ಜೆ ದೂರದಲ್ಲಿ, ಕತ್ತು ಎತ್ತಿ ತಂತಿ ನೋಡುತ್ತಲೇ ನಡೆಯುತ್ತಿದ್ದ ಮುದುಕ ಅವನೇ. ಮನೆ ಅವನ ತಂಗಿಯದು.

"ಸಹಿ ನೀವು ಹಾಕಿದ್ದಾ?"

"ಹೌದು ಸಾರ್."

"ಅರ್ಜಿ ಹಾಕಿರ್ಲಿಲ್ವಾ?"

"ಎಂಟು ತಿಂಗಳಾಯ್ತು. ಸ್ಥಳ ಪರಿಶೀಲನೆ ಬಾಕಿ ಅಂತ ಕೂತಿದೆ. ಅದಕ್ಕೇ ಪರಿಶೀಲನೆ ನಾನೇ ಮಾಡ್ದೆ."

ಎಂಜಿನಿಯರರ ಮುಖ ಕೆಂಪಾಯಿತು. ಇನ್‌ಸ್ಪೆಕ್ಟರ್ ಅವರತ್ತ ತಿರುಗಿ, "ನೀವೀಗ ಸ್ಥಳದಲ್ಲೇ ಇದ್ದೀರಲ್ಲ?" ಎಂದರು. ಎಂಜಿನಿಯರ್ ಸೇತುವೆಯವರೆಗೆ ನಡೆದು, ಅಳೆದು, ಹಿಂತಿರುಗಿ ಬಂದು ಜೇಬಿನಿಂದ ಪೆನ್ನು ತೆಗೆದರು. 9.35ಕ್ಕೆ ನಿಜವಾದ ಅನುಮತಿ ಸಿಕ್ಕಿತು. 9.52ಕ್ಕೆ ಮನೆ ತಂತಿಯಡಿ ದಾಟಿತು. ಪಂಚರಿಬ್ಬರೂ ಚಪ್ಪಾಳೆ ತಟ್ಟಿದರು.

10.05ಕ್ಕೆ ಲೈನ್‌ಮನ್‌ನನ್ನು ಬಂಧಿಸಲಾಯಿತು.

"ಮಾಡಿದ್ದು ಉಣ್ಲೇಬೇಕು," ಎಂದು ಅವನೇ ಜೀಪು ಹತ್ತಿದ. ಇಷ್ಟು ಅಚ್ಚುಕಟ್ಟಾದ ಅಪರಾಧವನ್ನು ಇನ್‌ಸ್ಪೆಕ್ಟರ್ ತಮ್ಮ ಸೇವೆಯಲ್ಲಿ ಕಂಡಿರಲಿಲ್ಲ.

"ಪರಿಹಾರ ಬಂದಿತ್ತಲ್ಲ, ಹೊಸ ಮನೆ ಕಟ್ಬಹುದಿತ್ತು?"

"ತಂಗೀನ ಕೇಳಿ ಸಾರ್."

ಶನಿವಾರ ಸಂಜೆ 4.15ಕ್ಕೆ ಅವಳ ಹೇಳಿಕೆ ಪಡೆಯಲು ಹೋದರು. ಮನೆ ಹೊಸ ತಳಪಾಯದ ಮೇಲೆ ಕೂತಿತ್ತು. ಬಾಗಿಲಲ್ಲಿದ್ದ ಹೆಂಗಸು, "ಹೊಸ್ತಿಲು ಎತ್ತರ, ಎಡವೀರಿ," ಎಂದು ಎಚ್ಚರಿಸಿ ಸರಸರ ಒಳಗೆ ನಡೆದಳು. ಒಂದು ಹನಿ ಚೆಲ್ಲದೆ ನೀರು ತಂದಳು. ಆದರೆ ಲೋಟ ಹಿಡಿದ ಕೈ ಇನ್‌ಸ್ಪೆಕ್ಟರರಿಂದ ಒಂದು ಗೇಣು ಆಚೆ, ಖಾಲಿ ಗಾಳಿಗೆ ಚಾಚಿಕೊಂಡಿತು.

ಅವರು ಪಕ್ಕಕ್ಕೆ ಸರಿದು ಲೋಟ ತೆಗೆದುಕೊಂಡರು. ಪ್ರಶ್ನೆ ಕೇಳುವ ಮೊದಲೇ ಅವಳು ಹೇಳಿದಳು:

"ಕಣ್ಣು ಹೋಗಿ ಹತ್ತೊಂಬತ್ತು ವರ್ಷ ಆಯ್ತು ಸಾರ್. ಬೇರೆ ಮನೆಗೆ ಹೋದ್ರೆ ಕುರುಡಿ ಆಗ್ಬಿಡ್ತೀನಿ ಅಂತ ಅಣ್ಣನಿಗೆ ಹೇಳಿದ್ದೆ."

ಇನ್‌ಸ್ಪೆಕ್ಟರ್ ಆ ಮಾತನ್ನು ಅವಳು ಹೇಳಿದಂತೆಯೇ ಬರೆದುಕೊಂಡರು.