1837 ಮಿಲಿಮೀಟರ್

ತಪ್ಪು ಪತ್ತೆಯಾದದ್ದು ಆರ್ಕಿಟೆಕ್ಟ್ ಆಫೀಸಿನ ಯಜಮಾನರ ಹಣೆಯಿಂದ. ಕಟ್ಟುತ್ತಿದ್ದ ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಕಾಂಕ್ರೀಟ್ ಬೀಮು ಅವರ ಹಣೆಗೆ ಬಡಿಯಿತು. ಆರಡಿ ಎರಡಂಗುಲದ ಆಳು. ಮೆಟ್ಟಿಲಿಗೂ ಬೀಮಿಗೂ ನಡುವೆ ಇರಬೇಕಾದ 2100 ಮಿಲಿಮೀಟರ್ ಅಲ್ಲಿರಲಿಲ್ಲ. ಸೈಟಿನ ಶೆಡ್ಡಿನಲ್ಲಿದ್ದ ನಕ್ಷೆಯಲ್ಲಿ 1837 ಎಂದಿತ್ತು. ಮೂಲೆಯಲ್ಲಿ, ‘ಬರೆದವರು’ ಎಂಬ ಚೌಕದೊಳಗೆ, ಆಫೀಸಿನ ಟ್ರೇನಿ ಹುಡುಗಿಯ ಇನಿಷಿಯಲ್.

ಮಧ್ಯಾಹ್ನದ ಹೊತ್ತಿಗೆ ಆಫೀಸಿನಲ್ಲಿ ಒಬ್ಬರೂ ಅವಳ ಮುಖ ನೋಡುತ್ತಿರಲಿಲ್ಲ. ತಾನು 2100 ಅಂತಲೇ ಹಾಕಿದ್ದೆ ಎಂದು ನಾಲ್ಕು ಸಲ ಹೇಳಿದಳು. ಕಂಪ್ಯೂಟರಿನಲ್ಲೂ 1837 ಇತ್ತು. ಅದರ ಪಾಸ್‌ವರ್ಡು ಆಫೀಸಿಗೆಲ್ಲ ಒಂದೇ.

ಯಜಮಾನರು ಹಣೆಗೆ ಬ್ಯಾಂಡೇಜು ಸುತ್ತಿಕೊಂಡೇ ಟೇಪಕ್ಕನನ್ನು ಕರೆಸಿದರು. ಅವರಿಗೆ ಕೆಲಸ ಕಲಿಸಿದ ಹಿರಿಯ ಆರ್ಕಿಟೆಕ್ಟ್ ಆಕೆ. ನಿವೃತ್ತಿಯಾಗಿ ಹತ್ತು ವರ್ಷವಾದರೂ ಕೈಚೀಲದಲ್ಲಿ ಅಳತೆ ಟೇಪು ಇಲ್ಲದೆ ಮನೆ ಬಿಡುತ್ತಿರಲಿಲ್ಲ. ಹೆಸರು ಬಂದದ್ದು ಹಾಗೆ.

ಟೇಪಕ್ಕ ಮೊದಲು ಕೇಳಿದ್ದು ಸೈಟಿನ ಮೇಸ್ತ್ರಿಯನ್ನು. ಸೈಟು ನೋಡಿಕೊಳ್ಳುವ ಆಫೀಸಿನ ಸೀನಿಯರ್ ಸಾರ್ ದಾರ ಕಟ್ಟಿ ತೋರಿಸಿದ ಮಟ್ಟಕ್ಕೇ ಬೀಮು ಹಾಕಿದ್ದಾಗಿ ಹೇಳಿದ. ಆಫೀಸಿನ ಮೆಟ್ಟಿಲನ್ನು ಅವನು ಹತ್ತಿದ್ದು ಇವತ್ತೇ ಮೊದಲು.

“ದಾರ ಕಟ್ಟಿದ್ದು ನಾನೇ,” ಅಂದ ಸೀನಿಯರ್. “ನಕ್ಷೆಯಲ್ಲಿದ್ದ ಹಾಗೆ ಕಟ್ಟಿದೆ. ಹದಿನಾಲ್ಕನೇ ತಾರೀಖು. ಈ ಪುಟ್ಟಿನೂ ಪಕ್ಕದಲ್ಲೇ ಇದ್ಳು, ತನ್ನ ತಪ್ಪು ತಾನೇ ನೋಡ್ಕೊಂಡು ಬಾಯಿ ಮುಚ್ಕೊಂಡು ನಿಂತಿದ್ಳು. ಅವಳ ಪುಸ್ತಕ ತೆಗೆಸಿ ನೋಡಿ.”

ಟ್ರೇನಿ ಪುಸ್ತಕ ತಂದು ಮೇಜಿನ ಮೇಲಿಟ್ಟಳು.

ಅದು ತರಬೇತಿ ಪುಸ್ತಕ. ಸೈಟಿನಲ್ಲಿ ಅರವತ್ತು ದಿನ ಕಳೆದ ದಾಖಲೆ ಅದರಲ್ಲಿಲ್ಲದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ, ಇಡೀ ವರ್ಷ ಮಣ್ಣುಪಾಲು. ಹನ್ನೊಂದು ತಿಂಗಳಲ್ಲಿ ಸೈಟಿಗೆ ಕಳಿಸಿ ಎಂದು ಅವಳು ಇಪ್ಪತ್ತು ಸಲ ಕೇಳಿದ್ದಳು. ಸೈಟಿನಲ್ಲಿ ನಿನಗೇನು ಕೆಲಸ ಎಂದು ಇಪ್ಪತ್ತು ಸಲವೂ ಅಟ್ಟಿದ್ದ ಸೀನಿಯರ್ ನಿನ್ನೆ ತಾನಾಗಿ ಬಂದಿದ್ದ. ಪುಸ್ತಕ ಕೊಡು ಪುಟ್ಟಿ, ತುಂಬಿಸಿಕೊಡ್ತೀನಿ ಎಂದಿದ್ದ. ಅರವತ್ತು ಸಾಲು, ಅರವತ್ತು ಸಹಿ. ಅವಳು ಥ್ಯಾಂಕ್ಸ್ ಕೂಡ ಹೇಳಿದ್ದಳು.

ಟೇಪಕ್ಕ ಪುಟ ತಿರುವಿದರು. ಹದಿನಾಲ್ಕು ಅದರಲ್ಲಿತ್ತು.

“ಇವಳನ್ನ ಸೈಟಲ್ಲಿ ನೋಡಿದ್ದೀಯಾ?” ಎಂದು ಮೇಸ್ತ್ರಿಯನ್ನು ಕೇಳಿದರು.

“ಹೆಲ್ಮೆಟ್ ಹಾಕಿದ್ರೆ ಎಲ್ರೂ ಒಂದೇ ಥರ ಕಾಣ್ತಾರೆ, ಅಕ್ಕಾ.”

ಟೇಪಕ್ಕ ಅವಳತ್ತ ತಿರುಗಿದರು. “ಹೋಗಿದ್ಯಾ?”

ಹೌದೆಂದರೆ ಬೀಮಿನ ತಪ್ಪು ತಲೆಗೆ ಬರುತ್ತದೆ, ಪರೀಕ್ಷೆ ಉಳಿಯುತ್ತದೆ. ಇಲ್ಲವೆಂದರೆ—ಕಳ್ಳ ಪುಸ್ತಕ, ಪರೀಕ್ಷೆಯೂ ಇಲ್ಲ.

“ಒಂದು ದಿನಾನೂ ಹೋಗಿಲ್ಲ,” ಅಂದಳು. “ಅರವತ್ತೂ ಸುಳ್ಳು. ಗೊತ್ತಿದ್ದೇ ಇಸ್ಕೊಂಡೆ.”

ಸೀನಿಯರ್ ನಕ್ಕ. ಸುಳ್ಳಿ ಅಂತ ತಾನೇ ಒಪ್ಪಿಕೊಂಡವಳ ಮಾತು ಯಾರು ನಂಬಬೇಕು ಎಂದು ಕೇಳಿದ.

“ಹದಿನಾಲ್ಕನೇ ತಾರೀಖು ಆಸ್ಪತ್ರೆಯವರಿಗೆ ಮಾಡೆಲ್ ತೋರಿಸಿದ್ವಿ,” ಯಜಮಾನರು ಹಣೆ ಮುಟ್ಟಿಕೊಳ್ಳುತ್ತ ನಿಧಾನವಾಗಿ ಹೇಳಿದರು. “ರಟ್ಟಿನ ಮರಗಳು ವಕ್ರವಾಗಿವೆ ಅಂತ ಇವಳಿಗೆ ಸಂಜೆವರೆಗೂ ಬೈದಿದ್ದೆ. ಇಲ್ಲೇ. ಈ ಮೇಜಿನ ಹತ್ರ.”

ಸೀನಿಯರನ ನಗು ನಿಂತಿತು.

“ಆ ಸಂಖ್ಯೆ ನೋಡಿದ ಕೂಡ್ಲೇ ನನಗೆ ಅನುಮಾನ ಬಂತು,” ಅಂದರು ಟೇಪಕ್ಕ. “ನಕ್ಷೆ ಬರೆಯೋರು 1800 ಹಾಕ್ತಾರೆ, 1850 ಹಾಕ್ತಾರೆ. ಮೂವತ್ತೇಳು ಅಂತ ಯಾರಾದ್ರೂ ಹಾಕ್ತಾರಾ? ಅದು ಪೆನ್ಸಿಲ್ಲಿನ ಅಳತೆ ಅಲ್ಲ, ಟೇಪಿನ ಅಳತೆ. ಗಟ್ಟಿಯಾದ ಕಾಂಕ್ರೀಟಿಗೆ ಟೇಪ್ ಹಿಡಿದ್ರೆ ಮಾತ್ರ ಬರೋದು. ಅಂದ್ರೆ ನಕ್ಷೆ ನೋಡಿ ಬೀಮು ಹಾಕಿದ್ದಲ್ಲ. ಬೀಮು ನೋಡಿ ನಕ್ಷೆ ತಿದ್ದಿದ್ದು. ಅಲ್ಲಿ ಅಳೆದು, ಇಲ್ಲಿ ಬಂದು ಕೂತು ತಿದ್ದಬೇಕು. ಮೇಸ್ತ್ರಿ ಇಲ್ಲಿಗೆ ಬಂದಿಲ್ಲ. ಇವಳು ಅಲ್ಲಿಗೆ ಹೋಗಿಲ್ಲ. ಯಜಮಾನ? ಅವನಿಗೆ ಗೊತ್ತಿದ್ದಿದ್ರೆ ತಲೆ ತಗ್ಗಿಸ್ತಿದ್ದ.”

ಇನ್ನು ಉಳಿದದ್ದು ಒಬ್ಬನೇ.

“ದಾರ ತಪ್ಪಾಗಿ ಕಟ್ಟಿದ್ದು ನೀನು. ಅದು ಗೊತ್ತಾದ ಮೇಲೆ ತಿದ್ದಿದ್ದೂ ನೀನು. ಹನ್ನೊಂದು ತಿಂಗಳು ಇಲ್ಲದ ಪ್ರೀತಿ ನಿನ್ನೆ ಇವಳ ಪುಸ್ತಕದ ಮೇಲೆ ಯಾಕೆ ಬಂತಪ್ಪಾ?”

ಸೀನಿಯರ್ ಬ್ಯಾಗು ಎತ್ತಿಕೊಂಡು ಹೊರಟ. ಯಾರೂ ತಡೆಯಲಿಲ್ಲ.

ಯಜಮಾನರು ಪುಸ್ತಕವನ್ನು ಟ್ರೇನಿಯತ್ತ ಸರಿಸಿ, ಆದದ್ದಾಯಿತು, ಆ ಸಾಲುಗಳು ಹಾಗೇ ಇರಲಿ, ಯಾರಿಗೆ ಗೊತ್ತಾಗುತ್ತದೆ ಎಂದರು. ಅವಳು ಸ್ಕೇಲು ಇಟ್ಟು ಒಂದೊಂದೇ ಸಾಲನ್ನು ಹೊಡೆದುಹಾಕತೊಡಗಿದಳು. ಅರವತ್ತೂ ಮುಗಿಯುವವರೆಗೆ ಟೇಪಕ್ಕ ಯಜಮಾನರ ಮುಖವನ್ನೇ ನೋಡುತ್ತಿದ್ದರು.

“ಕೆಲಸ ಕಲಿಯೋಕೆ ಬಂದಾಗ ನಿನ್ನನ್ನ ನಾನು ರಟ್ಟು ಕತ್ತರಿಸೋಕೆ ಇಟ್ಕೊಂಡಿದ್ನಾ?” ಎಂದು ಅವರನ್ನು ಕೇಳಿದರು.



ಮರುದಿನ ಬೆಳಿಗ್ಗೆ ಯಜಮಾನರದೇ ಹೆಲ್ಮೆಟ್ಟು ಅವಳ ಕಣ್ಣಿನ ಮೇಲೆ ಜಾರುತ್ತಿತ್ತು. ಬೀಮು ಒಡೆಯುವವರು ಕಾಯುತ್ತಿದ್ದರು. ಮೇಸ್ತ್ರಿ ಟೇಪಿನ ತುದಿಯನ್ನು ಮೆಟ್ಟಿಲಿಗೆ ಒತ್ತಿ ಹಿಡಿದು, ಬೇಗ ಓದಮ್ಮ ಎಂದು ಗದರಿದ.

ಹೆಲ್ಮೆಟ್ಟು ಹಿಂದಕ್ಕೆ ತಳ್ಳಿ, ತುದಿಗಾಲಲ್ಲಿ ನಿಂತು, ಅವಳು ಓದಿದಳು. ಮೂವತ್ತೇಳೇ. ಪುಸ್ತಕದ ಹೊಸ ಪುಟದಲ್ಲಿ ತಾರೀಖು ಹಾಕಿ ಬರೆದಳು: ಒಂದನೇ ದಿನ.