ಆರು ಪೈಪು, ಒಂದು ಗುಂಡು

ಗುಂಡು ಹೊರಗೆ ಬರಲಿಲ್ಲ.

ಪಟಪಟಿ ತನ್ನ ಕೈಯಲ್ಲಿದ್ದ ಪೈಪನ್ನು ಇನ್ನಷ್ಟು ಮೇಲೆತ್ತಿದಳು. ಅಲ್ಲಾಡಿಸಿದಳು. ಕೆಳಗಿನ ತುದಿಗೆ ಒಡ್ಡಿದ ಅಂಗೈ ಖಾಲಿಯೇ ಉಳಿಯಿತು.

"ದೊಡ್ಡ..." ಎಂದು ಬಾಯಿ ತೆರೆದವಳು ಅಲ್ಲಿಗೇ ಮುಚ್ಚಿಕೊಂಡಳು. ಶೆಡ್ಡಿನ ಗೋಡೆಯ ಗಡಿಯಾರದಲ್ಲಿ ಮೂರು ಗಂಟೆ. ನಾಲ್ಕಕ್ಕೆ ಕ್ಲಾಸಿನವರು ಬರುತ್ತಾರೆ.

ಮಾತು ಶುರುಮಾಡಿದರೆ ಹಳೆಯ ಮೋಟಾರ್ ಬೈಕಿನಂತೆ ನಿಲ್ಲುವುದೇ ಇಲ್ಲವೆಂದು ದೊಡ್ಡಪ್ಪ ಅವಳನ್ನು ಪಟಪಟಿ ಎನ್ನುತ್ತಿದ್ದರು. ದೊಡ್ಡಪ್ಪನ ಕೆಲಸ ಲಾರಿ ರಿಪೇರಿ. ಸಂಜೆ ಹೊತ್ತು ಮತ್ತು ರಜೆಯ ದಿನ ಮನೆಯ ಹಿಂದಿನ ಶೆಡ್ಡಿನಲ್ಲಿ ವಿಮಾನ ಕಟ್ಟುತ್ತಿದ್ದರು. ಆಟದ ವಿಮಾನವಲ್ಲ, ಇಬ್ಬರು ಕೂತು ಹಾರುವಂಥದ್ದು. ಆರು ವರ್ಷದಿಂದ ಕಟ್ಟುತ್ತಲೇ ಇದ್ದರು. ರೆಕ್ಕೆಗಳು ಇನ್ನೂ ಗೋಡೆಗೆ ಒರಗಿ ನಿಂತಿದ್ದವು. ಎಂಜಿನ್ ಮಾತ್ರ ತನ್ನ ಜಾಗದಲ್ಲಿ ಕೂತಿತ್ತು. ಈ ಶನಿವಾರ ಅದನ್ನು ಮೊದಲ ಸಲ ಸ್ಟಾರ್ಟ್ ಮಾಡುವುದೆಂದು ತೀರ್ಮಾನವಾಗಿತ್ತು.

ಅದನ್ನು ಪಟಪಟಿ ಕ್ಲಾಸಿನಲ್ಲಿ ಹೇಳಿಬಿಟ್ಟಿದ್ದಳು.

"ಬಂಡಲ್!" ಎಂದಿದ್ದ ಸೋಡಾಬುಡ್ಡಿ, ತನ್ನ ದಪ್ಪ ಕನ್ನಡಕವನ್ನು ಮೂಗಿನ ಮೇಲೆ ಏರಿಸಿಕೊಳ್ಳುತ್ತ. "ಮನೇಲಿ ವಿಮಾನ ಅಂತೆ! ನಮ್ಮನೆ ಬಾತ್‌ರೂಮಲ್ಲಿ ಹಡಗಿದೆ, ನೋಡೋಕೆ ಬಾ."

ಇಡೀ ಕ್ಲಾಸು ನಕ್ಕಿತ್ತು. ಪಟಪಟಿಯ ಕಿವಿ ಬಿಸಿಯಾಗಿತ್ತು.

"ಶನಿವಾರ ನಾಲ್ಕು ಗಂಟೆಗೆ ಬಾ. ಎಂಜಿನ್ ಸೌಂಡ್ ಕೇಳು. ಆಮೇಲೆ ಮಾತಾಡು!"

ಎಂಜಿನ್ನಿಗೆ ಬೇಕಾಗಿದ್ದದ್ದು ಪೈಪುಗಳು ಮಾತ್ರ. ಪೆಟ್ರೋಲ್ ಹೋಗಲು ಮೂರು, ಆಯಿಲ್ ಓಡಾಡಲು ಮೂರು. ದೊಡ್ಡಪ್ಪ ಮೂರು ಬಗೆಯ ಹೋಸ್ ಪೈಪಿನ ತುಂಡುಗಳನ್ನು ತಂದು ಮೇಜಿನ ಮೇಲಿಟ್ಟು ಒಂದು ವಾರ ನೋಡಿದರು. ಬಗ್ಗಿಸಿದರು. ಪೆಟ್ರೋಲಿನಲ್ಲಿ ನೆನೆಹಾಕಿದರು. ಮೇಲೆ ಅಚ್ಚಾಗಿದ್ದ ತಾರೀಖನ್ನು ಭೂತಗನ್ನಡಿ ಹಿಡಿದು ಓದಿದರು. ರಬ್ಬರಿಗೆ ಸುಮ್ಮನೆ ಕೂತರೂ ವಯಸ್ಸಾಗುತ್ತದಂತೆ.

"ಆ ತೆಳ್ಳಗೆ ಫಳಫಳ ಅನ್ನೋದನ್ನೇ ತಗೊಳ್ಳಿ ದೊಡ್ಡಪ್ಪ, ಸೂಪರಾಗಿದೆ."

"ಬಿಸಿಗೆ ಅದು ಗಟ್ಟಿಗ ಕಣೇ. ಆದ್ರೆ ಇಲ್ಲಿ ತಿರುವು ಜಾಸ್ತಿ. ಜೋರಾಗಿ ಬಗ್ಗಿಸಿದ್ರೆ ಮಡಚಿಕೊಂಡುಬಿಡುತ್ತೆ."

"ನನ್ನನ್ನ ಮದುವೆ ಆಗೋ ಮುಂಚೆ ಕೂಡ ಇವರು ಇಷ್ಟು ಯೋಚನೆ ಮಾಡಿರ್ಲಿಲ್ಲ," ಎಂದಿದ್ದರು ದೊಡ್ಡಮ್ಮ.

"ಅದಕ್ಕೇ ಈಗ ಮಾಡ್ತಿರೋದು," ಎಂದು ದೊಡ್ಡಪ್ಪ ಮೀಸೆಯೊಳಗೆ ನಕ್ಕಿದ್ದರು.

ಕೊನೆಗೆ ಒಳಗೆ ರಬ್ಬರ್, ಹೊರಗೆ ಉಕ್ಕಿನ ತಂತಿಯ ಹೆಣಿಗೆ ಇರುವ ಪೈಪು ಗೆದ್ದಿತು. ಅದನ್ನು ಅಳತೆಗೆ ಕತ್ತರಿಸಿ, ಎರಡೂ ತುದಿಗೆ ಲೋಹದ ಮೂತಿ ತಿರುಪಿ ಕೂರಿಸುವುದು ದೊಡ್ಡಪ್ಪನ ಕೆಲಸ. ಪೈಪಿನೊಳಗೆ ಬೇರಿಂಗಿನ ಪುಟ್ಟ ಗುಂಡು ಉರುಳಿಸಿ ದಾರಿ ಸರಾಗವಾಗಿದೆಯೇ ಎಂದು ನೋಡುವುದು ಪಟಪಟಿಯ ಕೆಲಸ.

"ಎರಡೂ ಕಡೆಯಿಂದ," ಎಂದಿದ್ದರು ದೊಡ್ಡಪ್ಪ. "ಈ ತುದಿಯಿಂದ ಒಂದ್ಸಲ, ಆ ತುದಿಯಿಂದ ಒಂದ್ಸಲ."

ಗುರುವಾರ ಐದು ಪೈಪು ತಯಾರಾದವು. ಈ ಕಡೆಯಿಂದ ಬಂದ ಗುಂಡು ಆ ಕಡೆಯಿಂದ ಬರದೆ ಎಲ್ಲಿಗೆ ಹೋಗುತ್ತದೆ ಎಂದುಕೊಂಡು ಪಟಪಟಿ ಒಂದೊಂದೇ ಸಲ ಉರುಳಿಸಿ, ಹಾಳೆಯಲ್ಲಿ ಟಿಕ್ ಹಾಕಿದಳು. ಶುಕ್ರವಾರ ದೊಡ್ಡಪ್ಪ ಐದನ್ನೂ ಎಂಜಿನ್ನಿಗೆ ಬಿಗಿದು, ಪ್ರತಿ ನಟ್ಟಿನ ಮೇಲೂ ಕೆಂಪು ಬಣ್ಣದ ಗೆರೆ ಎಳೆದರು. ಗೆರೆ ಬಿತ್ತೆಂದರೆ ಅದರ ಕೆಲಸ ಮುಗಿಯಿತು.

ಇವತ್ತಿನದು ಆರನೆಯದು.

ಪಟಪಟಿ ಪೈಪನ್ನು ತಿರುಗಿಸಿದಳು. ಗುಂಡು ತಾನು ಹೋದ ದಾರಿಯಲ್ಲೇ ವಾಪಸ್ಸು ಬಂತು. ಇನ್ನೊಂದು ತುದಿಯಿಂದ ಹಾಕಿದಳು. ಸರ್ರನೆ ಉರುಳಿ ಅಂಗೈಗೆ ಬಿತ್ತು. ಮತ್ತೆ ಮೊದಲಿನ ತುದಿ. ಊಹೂಂ.

ಒಂದು ಕಡೆಯಿಂದ ಬರುತ್ತದಲ್ಲ, ಸಾಕಲ್ಲವೇ? ಹಾಳೆಯಲ್ಲಿ ಒಂದೇ ಒಂದು ಟಿಕ್ಕಿನ ಜಾಗ ಖಾಲಿಯಿತ್ತು. ಅವಳು ಪೆನ್ಸಿಲ್ ಎತ್ತಿಕೊಂಡಳು.

"ಲೇ ಪಟಪಟಿ, ಯಾಕೆ ಸೌಂಡೇ ಇಲ್ಲ? ಪೆಟ್ರೋಲ್ ಖಾಲಿಯಾಯ್ತಾ?"

ಕೇಳಿದ್ದು ದೊಡ್ಡಮ್ಮ. ಅವರು ವಿಮಾನದ ಎರಡನೆಯ ಸೀಟಿನಲ್ಲಿ ಕೂತು, ಮಡಿಲಲ್ಲಿ ಪಾತ್ರೆ ಇಟ್ಟುಕೊಂಡು ಬಟಾಣಿ ಸುಲಿಯುತ್ತಿದ್ದರು. ಮನೆಯಲ್ಲಿ ಇಷ್ಟು ಹಾಯಾದ ಕುರ್ಚಿ ಬೇರೆ ಇಲ್ಲವೆಂದು ಅವರ ವಾದ. ಚಪ್ಪಲಿ ಕಳಚಿ ಕಾಲು ಮುಂದೆ ಚಾಚಿದ್ದರು. ಅವರ ಕಾಲ್ಬೆರಳಿನಿಂದ ಒಂದೇ ಒಂದು ತಗಡಿನಾಚೆ ಎಂಜಿನ್ ಇತ್ತು.

ಪಟಪಟಿ ಪೆನ್ಸಿಲ್ ಕೆಳಗಿಟ್ಟಳು.

"ದೊಡ್ಡಪ್ಪ, ಇದರಲ್ಲಿ ಗುಂಡು ಸಿಕ್ಕಿಹಾಕಿಕೊಳ್ತಿದೆ."

ದೊಡ್ಡಪ್ಪ ಬಂದರು. ತಾವೂ ಉರುಳಿಸಿ ನೋಡಿದರು. ಪೈಪನ್ನು ಗರಗಸದಿಂದ ಕೊಯ್ದು, ತುದಿಯನ್ನು ಚಾಕುವಿನಿಂದ ಸೀಳಿದರು. ಒಳಗೆ ರಬ್ಬರಿನ ಒಂದು ಚೂರು ಎದ್ದು ಪುಟ್ಟ ನಾಲಗೆಯಂತೆ ನಿಂತಿತ್ತು. ಒಂದು ಕಡೆಯಿಂದ ತಳ್ಳಿದರೆ ಮಲಗುತ್ತಿತ್ತು, ಇನ್ನೊಂದು ಕಡೆಯಿಂದ ತಳ್ಳಿದರೆ ಅಡ್ಡ ನಿಲ್ಲುತ್ತಿತ್ತು.

"ನೋಡಿದ್ಯಾ? ಮೂತಿ ಕೂರಿಸೋವಾಗ ಎಣ್ಣೆ ಸವರಿ ನಿಧಾನವಾಗಿ ತಿರುಪಬೇಕು. ಅವಸರ ಮಾಡಿದ್ದೀನಿ, ಒಳಗೆ ಕೆತ್ತಿಬಿಟ್ಟಿದೆ. ಇವತ್ತು ಪೆಟ್ರೋಲ್ ಇದನ್ನ ತಳ್ಳಿಕೊಂಡು ಹೋಗುತ್ತೆ. ನಾಳೆ ಇದು ಮಗುಚಿ ಬಿದ್ದು ದಾರಿ ಮುಚ್ಚುತ್ತೆ."

"ಹಾರೋವಾಗ ಮುಚ್ಚಿದ್ರೆ?"

"ಲಾರಿ ಆದ್ರೆ ಪಕ್ಕಕ್ಕೆ ನಿಲ್ಲಿಸಬಹುದು," ಎಂದರು ದೊಡ್ಡಪ್ಪ.

ಅವಸರ ಮಾಡಿಸಿದ್ದು ಯಾರೆಂದು ಅವರು ಹೇಳಲಿಲ್ಲ. ಬೆಳಗಿನಿಂದ ಹತ್ತು ಸಲ "ಆಯ್ತಾ, ಆಯ್ತಾ" ಎಂದು ಕೇಳಿದವಳಿಗೆ ಅದು ಗೊತ್ತಿತ್ತು.

ಹೊಸ ಪೈಪು ತಯಾರಾಗುವಷ್ಟರಲ್ಲಿ ಸೋಡಾಬುಡ್ಡಿಯೂ, ಕ್ಲಾಸಿನಲ್ಲೇ ಎತ್ತರದ ಹುಡುಗಿ ಲಂಬುವೂ ಬಂದರು. ಶೆಡ್ಡಿನ ಬಾಗಿಲಲ್ಲೇ ಸೋಡಾಬುಡ್ಡಿಯ ಕನ್ನಡಕ ಜಾರಿತು.

"ರೆಕ್ಕೆ ಎಲ್ಲಿ?"

"ಗೋಡೆ ಹತ್ರ ನೋಡು."

"ಅಜ್ಜಿ ಯಾಕೆ ಒಳಗೆ ಬಟಾಣಿ ಸುಲೀತಿದಾರೆ?"

"ಯಾರೋ ಅಜ್ಜಿ?" ದೊಡ್ಡಮ್ಮ ಸೀಟಿನಿಂದಲೇ ಗದರಿದರು. "ನಾನು ಪ್ಯಾಸೆಂಜರ್!"

ಲಂಬು ನಗುತ್ತ ನೆಲದ ಮೇಲೆ ಕೂತಳು. ಸೋಡಾಬುಡ್ಡಿ ಸೋಲಲಿಲ್ಲ. "ಎಂಜಿನ್ ಸ್ಟಾರ್ಟ್ ಆದ್ರೆ ಒಪ್ಕೋತೀನಿ. ಇಲ್ದಿದ್ರೆ ಬರೀ ಡಬ್ಬ."

ಪಟಪಟಿ ಹೊಸ ಪೈಪಿನಲ್ಲಿ ಗುಂಡು ಉರುಳಿಸಿದಳು. ಈ ಕಡೆಯಿಂದ ಬಂತು. ಆ ಕಡೆಯಿಂದಲೂ ಬಂತು. ದೊಡ್ಡಪ್ಪ ಅದನ್ನು ಎಂಜಿನ್ನಿಗೆ ಬಿಗಿದು, ಬಣ್ಣದ ಡಬ್ಬಿಗೆ ಕುಂಚ ಅದ್ದಿದರು.

"ಮುಗೀತು. ವಿಮಾನ ಹೊರಗೆ ತಳ್ಳೋಣ. ಬೆಳಕಿರೋವಾಗ್ಲೇ ಸ್ಟಾರ್ಟ್ ಮಾಡ್ಬೇಕು. ಮಿಕ್ಕಿದ್ದು ಐದೂ ಸರಿಯಾಗಿತ್ತಲ್ಲ ಪಟಪಟಿ? ಎರಡೂ ಕಡೆಯಿಂದ?"

ಸೋಡಾಬುಡ್ಡಿ ಆಗಲೇ ಎರಡೂ ಕಿವಿಗೆ ಬೆರಳು ತುರುಕಿಕೊಂಡು ರೆಡಿಯಾಗಿ ನಿಂತಿದ್ದ.

ಹೂಂ ಎಂದರೆ ಸಾಕಿತ್ತು. ಹಾಳೆಯ ಮೇಲೆ ಐದು ಟಿಕ್ ಇದ್ದವು.

"ಇಲ್ಲ," ಎಂದಳು ಪಟಪಟಿ. "ಒಂದೇ ಕಡೆಯಿಂದ ನೋಡಿದೆ. ಐದನ್ನೂ."

ದೊಡ್ಡಪ್ಪನ ಕುಂಚದಿಂದ ಕೆಂಪು ಹನಿಯೊಂದು ನೆಲಕ್ಕೆ ಬಿತ್ತು. ಅವರು ಎಂಜಿನ್ನಿನ ಕಡೆ ನೋಡಿದರು. ಬಾಗಿಲಾಚೆಯ ಬಿಸಿಲಿನ ಕಡೆ ನೋಡಿದರು. ಡಬ್ಬಿಯ ಮುಚ್ಚಳ ಹಾಕಿದರು.

"ಐದೂ ಬಿಚ್ಚಿ ಮತ್ತೆ ಬಿಗಿಯೋಷ್ಟರಲ್ಲಿ ಕತ್ತಲಾಗುತ್ತೆ. ಇವತ್ತು ಆಗಲ್ಲ ಮಕ್ಕಳೇ."

"ಏನಂದ್ರು?" ಸೋಡಾಬುಡ್ಡಿ ಒಂದು ಕಿವಿಯಿಂದ ಬೆರಳು ತೆಗೆದ.

"ಇವತ್ತು ಸ್ಟಾರ್ಟ್ ಮಾಡಲ್ಲ," ಎಂದಳು ಪಟಪಟಿ. "ನಾನು ಸರಿಯಾಗಿ ನೋಡಿಲ್ಲ."

"ನಂಗೆ ಮೊದ್ಲೇ ಗೊತ್ತಿತ್ತು. ಸೋಮವಾರ ಎಲ್ರಿಗೂ ಹೇಳ್ತೀನಿ."

"ಹೇಳು."

ದೊಡ್ಡಮ್ಮ ಕೊಟ್ಟ ಹಿಡಿ ಬಟಾಣಿಯನ್ನು ಜೇಬಿಗೆ ತುಂಬಿಕೊಂಡು ಅವನು ಲಂಬುವಿನ ಜೊತೆ ಹೊರಟ.

ದೊಡ್ಡಪ್ಪ ಬಟ್ಟೆಯಿಂದ ಕೆಂಪು ಗೆರೆಗಳನ್ನು ಒಂದೊಂದಾಗಿ ಉಜ್ಜಿ ತೆಗೆದು, ಮೊದಲ ಪೈಪನ್ನು ಬಿಚ್ಚಿ ಕೊಟ್ಟರು. ಪಟಪಟಿ ಗುಂಡು ಹಾಕಿದಳು. ಅದು ಒಳಗೆ ಉರುಳುವ ಸಣ್ಣ ಸದ್ದು ಕೇಳಿಸುತ್ತಿತ್ತು. ಅಂಗೈಗೆ ಬಿತ್ತು. ಪೈಪನ್ನು ತಿರುಗಿಸಿ ಇನ್ನೊಂದು ತುದಿಯಿಂದ ಹಾಕಿದಳು. ಅಲ್ಲಿಂದಲೂ ಬಂತು.

"ಸರಿಯಾಗಿದೆ," ಎಂದು ಪೈಪನ್ನು ದೊಡ್ಡಪ್ಪನಿಗೆ ಕೊಟ್ಟಳು.

ಗುಂಡು ಇನ್ನೂ ಅವಳ ಕೈಯಲ್ಲೇ ಇತ್ತು. ಅವರು ಅದನ್ನು ಕೇಳಿ ತೆಗೆದುಕೊಂಡು ತಾವೊಮ್ಮೆ ಉರುಳಿಸಿ ನೋಡುತ್ತಾರೆಂದು ಪಟಪಟಿ ಕಾದಳು. ದೊಡ್ಡಪ್ಪ ಕೇಳಲಿಲ್ಲ. ಸುಮ್ಮನೆ ಎಂಜಿನ್ನಿನ ಕಡೆ ಬಾಗಿ ಪೈಪನ್ನು ಮತ್ತೆ ಬಿಗಿಯತೊಡಗಿದರು.

"ದೊಡ್ಡಪ್ಪ, ಒಂದ್ನಿಮಿಷ," ಎಂದಳು ಪಟಪಟಿ. "ಕೊಡಿ. ಇನ್ನೊಂದ್ಸಲ ನೋಡ್ತೀನಿ."